ಖಣದ ಚಿಂದಿ ಕಟ್ಟಿದ ಬದನಿ

ಮದುವಿಯಾಗಿ ಒಂಬತ್ತನೇ ದಿನ
ಬದನಿ ಹರಕೊಂಡು ಬಾ ಅಂದ್ರು.
ಹೋದೆ ಮಲಪ್ರಭೆಯ ದಂಡಿಗೆ,
ಬುಟ್ಟಿ ಬಗಲಾಗ, ಕಾಲುಂಗುರ ಇನ್ನೂ ಕಚ್ಚತಿದ್ದವು.

ಮೂರನೇ ಸಾಲಿನಾಗ, ಎಲಿ ಮರಿಗೆ,
ಒಂದು ಕಾಯಿ ಕುಂತಿತ್ತು, ದಿನ ತುಂಬಿದ ಬಸುರಿ ಹಂಗ.
ಹೊಟ್ಟಿ ಕೆಳಗ ಚೂರು ಹಳದಿ.
ತೊಟ್ಟಿಗೆ ಹಳೇ ಖಣದ ಚಿಂದಿ, ಎರಡು ಗಂಟು.
ಸೂಜಿಮಲ್ಲಿಗಿ ಬುಟ್ಟಾ. ಕಂಡ ಕೂಡಲೇ ಗುರುತು ಹಿಡದೆ:
ಗುಳೇದಗುಡ್ಡದಾಗ ಮಗ್ಗದ ಕುಣಿಯಾಗ ಬೆಳದಾಕಿ ನಾನು,
ಲಾಳಿ ಗೊತ್ತು, ಮಡಿ ಗೊತ್ತಿಲ್ಲ.
ದೃಷ್ಟಿಗೆ ಕಟ್ಟಿರಬೇಕು ಅಂದುಕೊಂಡು
ಚಿಂದಿ ಬಿಚ್ಚಿ ಸೆರಗಿಗೆ ಗಂಟು ಹಾಕಿ
ಅದನ್ನ ಮೊದಲ ಹರದೆ.

ನಾಕು ಸೀಳು, ಗುರೆಳ್ಳು, ಶೇಂಗಾ, ಹುಣಸಿ.
ಎಣ್ಣಿ ಬಿಟ್ಟಿತು, ಘಮ ಬಂತು.
ಬಾಯಾಗ ಹಾಕಿದ್ರ ಬರೇ ಬೀಜ, ಮರಳು ತಿಂದಂಗ.
ಗಂಡ ತಾಟು ಸರಿಸಿದ.
ಅತ್ತಿ ಗುರಸಿದ್ದವ್ವ ನನ್ನ ಸೆರಗಿನ ಗಂಟು ನೋಡಿದಳು.
ಬೈಲಿಲ್ಲ.
"ಆರು ವರ್ಷ ಆರಿಸಿದ್ದು
ಒಂದ ಊಟಕ್ಕ ತಿಂದ್ವಿ, ತೊಗೊ" ಅಂದಳು.

ಸಂಜಿಗೆ ಗುಡ್ಡಕ್ಕ ಕರಕೊಂಡು ನಡದಳು.
ಕೆಂಪು ಬಂಡಿಯ ಸಂದಿನಾಗ ಒಂದು ಗಿಡ,
ಎಲಿಗೂ ಮುಳ್ಳು, ದಂಟಿಗೂ ಮುಳ್ಳು,
ಕಾಯಿ ಗೋಲಿಗಿಂತ ದೊಡ್ಡದಲ್ಲ, ಆಡು ಸುತ್ತು ಹಾಕಿ ಹೋದವು.
"ನಾಲಿಗಿಗೆ ಹಚ್ಚಿ ಉಗುಳು."
ಮರುದಿನ ಮುಂಜಾನಿ ಚಹಾನೂ ಕಹಿ.

"ಇಂಥಾದ್ದರಾಗ ಯಾರೋ ಒಬ್ಬಾಕಿ ಹಸದು ಬಂದಿರಬೇಕು,
ನೂರು ಗಿಡದಾಗ ಒಂದು ಕಡಿಮಿ ಕಹಿ ಕಂಡಿರಬೇಕು.
ಅದರ ಬೀಜ ಬಾಗಲ ಮುಂದ ಉಗುಳಿದಳು.
ಆಕಿ ಸೊಸಿ ಮುಳ್ಳು ಕಡಿಮಿ ಇದ್ದದ್ದನ್ನ ಇಟಗೊಂಡಳು,
ಬಗಲಾಗ ಕೂಸಿತ್ತು, ಅದಕ್ಕ.
ಆ ಸೊಸಿಯ ಸೊಸಿ…"
ಉಸುರು ಸಾಲಲಿಲ್ಲ, ಕಲ್ಲಿನ ಮ್ಯಾಲೆ ಕುಂತಳು.

ಬಾದಾಮಿಯ ಬಂಡಿಗಲ್ಲಿಗೆ
ದಾನ ಕೊಟ್ಟ ರಾಜರ ಹೆಸರು ಕೊರದಾರ.
ಕಹಿ ತೆಗದಾಕಿಯ ಹೆಸರು
ಯಾವ ಕಲ್ಲಿನಾಗೂ ಇಲ್ಲ.

ಇಳಿಯೋ ಹಾದಿಯಾಗ ನನಗ ಸಿಟ್ಟು ಬಂತು, ಯಾಕೋ.
ನನ್ನೂ ಹಿಂಗ ನೋಡಿದ್ರಲ್ಲ:
ನಡಸಿದ್ರು, ಹೆರಳು ಬಿಚ್ಚಿಸಿದ್ರು,
ಎತ್ತರ ಸಾಕೋ ಸಾಲದೋ ಅಂತ ಬಾಗಲಕ್ಕ ಆನಿಸಿ ನಿಲ್ಲಿಸಿದ್ರು.
ಮುಳ್ಳು ಅದಾವೇನು ಅಂತ
ಒಬ್ಬರೂ ಕೇಳಲಿಲ್ಲ.

ಮರುವಾರ ಅತ್ತಿ ಕೆರೂರ ಬಸ್ ಹತ್ತಿದಳು.
ತಂಗಿಗೆ ಎಂದೋ ಒಂದು ಚಿಮಟಿ ಬೀಜ ಕೊಟ್ಟಿದ್ದಳು,
ಅದರ ಮಕ್ಕಳು ಮೊಮ್ಮಕ್ಕಳು ಬೂದಿಯಾಗ ಹೊರಳಿ
ತಿರುಗಿ ನಮ್ಮ ಮಡಿಗೆ ಬಂದವು.
ಆದ್ರ ಆ ತಂಗಿಗೆ ಉದ್ದನ್ನ ಕಾಯಿ ಸೇರತಿತ್ತು.
ಆಕಿ ಕೈಯಾಗ ನಾಕು ವರ್ಷ ಇದ್ದದ್ದಕ್ಕ
ಕಾಯಿ ಆಕಿ ಕಡೆ ವಾಲಿತ್ತು.
ಮತ್ತ ಗುಂಡಗ ಮಾಡಾಕ ಏಳು ವರ್ಷ ಹಿಡೀತು.
ಅಷ್ಟರಾಗ ನನಗ ಎರಡು ಹೆರಿಗಿ,
ಆಕಿಗೆ ಕಣ್ಣು ಮಂಜು.
ಕಡೀಕ ಕಾಯಿ ನೋಡತಿರಲಿಲ್ಲ ಗುರಸಿದ್ದವ್ವ,
ಎರಡೂ ಅಂಗೈಯಾಗ ಹಿಡದು ತೂಗಿ
"ಇದಕ್ಕ ಕಟ್ಟು" ಅಂತಿದ್ದಳು.

ಈಗ ನಾನು ಕಟ್ಟತೀನಿ.
ಚಿಂದಿ ನನ್ನ ಮದುವಿ ಕುಬಸದ್ದು, ನಾನ ನೇದದ್ದು.
ಅಂಗಡ್ಯಾಗ ಪಾಕೀಟಿನ ಬೀಜ ಸಿಗತಾವ,
ಹೊಳಪು ಕಾಯಿ, ಎಲ್ಲಾ ಒಂದ ಅಳತಿ.
ಅವನ್ನೂ ಎಲ್ಲೋ ಯಾರೋ ಹೆಣ್ಣುಮಕ್ಕಳು
ಚಿಮಟಿಗಿ ಹಿಡದು ಹೂವಿಗೆ ಹೂವು ಮುಟ್ಟಿಸಿ ಮಾಡಿರತಾರ,
ದೂರೋದಿಲ್ಲ ನಾನು.
ಅವಕ್ಕ ಚಿಂದಿ ಕಟ್ಟಿದ್ರ ಮುಂದಿನ ವರ್ಷ
ಒಂದೊಂದು ಗಿಡ ಒಂದೊಂದು ಮಾತಾಡತದ, ಅಷ್ಟ.

ಇಷ್ಟು ಕೈ ದಾಟಿ ಬಂದ್ರೂ
ತೊಟ್ಟಿನ ಮುಳ್ಳು ಮಾತ್ರ ಬಿಟ್ಟಿಲ್ಲ ಇದು.
ಹರಿಯುವಾಗ ಹೆಬ್ಬಟ್ಟಿಗೆ ಚುಚ್ಚತದ,
ಮುಳಗಾಯಿ ಅಂತ ಸುಮ್ಮನ ಕರೀತಾರೇನು.

ಈ ಸಲ ಮಡಿಯ ಅಂಚಿಗೆ ಒಂದು ಸಸಿ ಎದ್ದೈತಿ,
ಎಲಿಯ ನರದ ಮ್ಯಾಲೂ ಮುಳ್ಳು.
ಗುಡ್ಡದ್ದ ನೆನಪು ಬಂದಿರಬೇಕು ಅದಕ್ಕ.
ಕಿತ್ತು ಒಗಿ ಅವ್ವಾ ಅಂತಾಳ ಮಗಳು.

ಚಿಂದಿ ಕಟ್ಟಿಲ್ಲ.
ಕಿತ್ತೂ ಇಲ್ಲ.